ತೂಕಕ್ಕೆ ಸಿಗದ ಮರಿ

ತೂಕದಣ್ಣ ಅಂದು ಹೋದದ್ದು ಆಫೀಸಿನ ಪ್ಲಾಸ್ಟಿಕ್ ಕ್ರೇಟು ವಾಪಸ್ ತರುವುದಕ್ಕೆ. ತಂದದ್ದೂ ಕ್ರೇಟನ್ನೇ. ಅದರೊಳಗೆ ಒಂದು ನಾಯಿಮರಿ ಹೇಗೆ ಬಂದು ಕೂತಿತು ಎಂಬುದು ಮಾತ್ರ ಅರ್ಧ ದಾರಿ ಸ್ಕೂಟರ್ ಓಡಿಸಿಕೊಂಡು ಬಂದರೂ ಅವನಿಗೆ ಬಗೆಹರಿಯಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಕಾಲಿನ ಬಳಿ ಬಗ್ಗಿ ನೋಡಿದ. ಮರಿಯೂ ತಲೆಯೆತ್ತಿ ಅವನನ್ನು ನೋಡಿತು. ಇಬ್ಬರ ಮುಖದಲ್ಲೂ ಒಂದೇ ಪ್ರಶ್ನೆ ಇತ್ತು.

ಮರಿ ಅವನಿಗೆ ಹೊಸದೇನಲ್ಲ. ಅವನು ಕೆಲಸ ಮಾಡುವ ಪಾರ್ಸೆಲ್ ಗೋದಾಮಿನಲ್ಲಿ, ಬಟ್ಟೆ ಮೂಟೆಗಳ ಹಿಂದೆ, ಅದು ಒಂದು ದಿನ ಸಿಕ್ಕಿತ್ತು. ಮೈಯೆಲ್ಲ ಕಜ್ಜಿ, ಎಣಿಸಬಹುದಾದ ಪಕ್ಕೆಲುಬು, ಅದರ ಕೆಳಗೆ ಮಾತ್ರ ಚೆಂಡಿನಂಥ ಹೊಟ್ಟೆ. ಯಾವ ಲಾರಿಯಿಂದ ಇಳಿಯಿತೋ ಯಾರಿಗೂ ಗೊತ್ತಿಲ್ಲ. ಮೇಲೆ ವಿಳಾಸ ಇಲ್ಲವಾದ್ದರಿಂದ ಕಳಿಸಿದವರಿಗೆ ವಾಪಸ್ ಮಾಡುವ ಹಾಗೂ ಇಲ್ಲ ಎಂದು ಹಮಾಲಿಗಳ ಮೇಸ್ತ್ರಿ ತೀರ್ಪು ಕೊಟ್ಟ. ಬೀದಿಕಂಬಕ್ಕೆ ಅಂಟಿಸಿದ್ದ ಚೀಟಿಯ ನಂಬರಿಗೆ ತೂಕದಣ್ಣನೇ ಫೋನ್ ಮಾಡಿದ. ಬೀದಿನಾಯಿಗಳಿಗೆ ಆಶ್ರಯ ನಡೆಸುವ ಮೇಡಮ್ ಒಬ್ಬರು ವ್ಯಾನಿನಲ್ಲಿ ಬಂದು, ಮರಿಯನ್ನು ಆಫೀಸಿನ ಕ್ರೇಟಿನಲ್ಲೇ ಕೂರಿಸಿಕೊಂಡು ಹೋದರು. ಒಂದೆರಡು ವಾರವಾದ ಮೇಲೆ ಮ್ಯಾನೇಜರಿಗೆ ಮರಿ ನೆನಪಾಗಲಿಲ್ಲ, ಕ್ರೇಟು ನೆನಪಾಯಿತು.

ಹಾಗಾಗಿ ತೂಕದಣ್ಣ ಹೋಗಿದ್ದ. ಮೇಡಮ್ ಅವನನ್ನು ಕೂರಿಸಿ, ಕಜ್ಜಿ ವಾಸಿಯಾಗಿದೆ, ಮೊದಲ ಸೂಜಿಯೂ ಆಗಿದೆ, ಆದರೆ ಇಲ್ಲಿ ದೊಡ್ಡ ನಾಯಿಗಳ ನಡುವೆ ಇದರ ಬಾಯಿಗೆ ಅನ್ನ ಸೇರುವುದಿಲ್ಲ, ಇದಕ್ಕೊಂದು ಮನೆ ಬೇಕು ಎಂದರು. ತೂಕದಣ್ಣ ತನ್ನ ರೂಢಿಯಂತೆ "ಹೌದಾ, ನೋಡೋಣ" ಎಂದ. ಯಾರು ಏನು ಹೇಳಿದರೂ ಅವನು ಹಾಗೇ ಅನ್ನುವವನು. ವಿಮೆ ಮಾರುವವನಿಗೂ ಅದೇ ಮಾತು, ಮದುವೆಗೆ ಕರೆಯುವವರಿಗೂ ಅದೇ ಮಾತು, ಯಾರೂ ಅದನ್ನು ಹೂಂ ಎಂದು ಎಣಿಸಿರಲಿಲ್ಲ. ಮೇಡಮ್ ಎಣಿಸಿದರು. ಅವನು ಚಹಾ ಮುಗಿಸಿ ಏಳುವಷ್ಟರಲ್ಲಿ ಕ್ರೇಟಿನೊಳಗೆ ಹಳೇ ಟವೆಲು, ಟವೆಲಿನ ಮೇಲೆ ಮರಿ, ಮರಿಯ ಪಕ್ಕದಲ್ಲಿ ಔಷಧದ ಶೀಷೆ ಎಲ್ಲ ಸಿದ್ಧವಾಗಿ ಕೂತಿದ್ದವು.

ಹೊರಡುವಾಗ ಮೇಡಮ್ ಒಂದು ಷರತ್ತು ಹಾಕಿದರು. ಹುಳುವಿನ ಕಾಟ ಇದ್ದ ಮರಿ ಇದು. ಈಗ ಮೂರು ಕಿಲೋ ಇದೆ. ಪ್ರತಿ ಶನಿವಾರ ತೂಕ ನೋಡಿ ಫೋನಿನಲ್ಲಿ ಹೇಳಬೇಕು. ತೂಕ ಏರದಿದ್ದರೆ ಒಳಗೇನೋ ಕಾಯಿಲೆ ಉಳಿದಿದೆ ಎಂದು ಅರ್ಥ. ಆಗ ವಾಪಸ್ ಕರೆದುಕೊಂಡು ಹೋಗಿ ಡಾಕ್ಟರ ಕೈಕೆಳಗೆ ಇಟ್ಟುಕೊಳ್ಳುತ್ತೇವೆ. ಇಷ್ಟು ಹೇಳಿ ಕೊನೆಗೆ ನಕ್ಕರು. "ನೀವು ತೂಕದ ಮನುಷ್ಯರು. ನಿಮಗೆ ಇದನ್ನೆಲ್ಲ ನಾನು ಹೇಳಿಕೊಡೋದಾ?"

ಆ ಮಾತಿಗೆ ತೂಕದಣ್ಣ ಸ್ವಲ್ಪ ಉಬ್ಬಿದ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಗೋದಾಮಿನಲ್ಲಿ ಅವನ ಕೆಲಸವೇ ತೂಕ ಹಾಕುವುದು. ಮರದ ಪೆಟ್ಟಿಗೆಯಲ್ಲಿ ಸರಕು ಬರುತ್ತದೆ, ಪೆಟ್ಟಿಗೆಯ ಪಕ್ಕಕ್ಕೆ ಅದರ ಖಾಲಿ ತೂಕ ಬರೆದಿರುತ್ತದೆ. ಒಟ್ಟು ತೂಕದಿಂದ ಅದನ್ನು ಕಳೆದರೆ ಸರಕಿನ ತೂಕ. ಇದು ಯಾರು ಬೇಕಾದರೂ ಮಾಡುವ ಕೆಲಸ. ಆದರೆ ವರ್ಷಗಳ ಹಿಂದೆ ಒಬ್ಬ ವ್ಯಾಪಾರಿಯ ಸರಕು ಪ್ರತಿ ಸಲವೂ ಸ್ವಲ್ಪ ಕಡಿಮೆ ತೂಗುತ್ತಿತ್ತು. ವ್ಯಾಪಾರಿ ಕಳ್ಳತನ ಎಂದ, ಹಮಾಲಿಗಳು ಕೂಗಾಡಿದರು, ಮ್ಯಾನೇಜರು ಎಲ್ಲರ ಮೇಲೂ ಅನುಮಾನಪಟ್ಟ. ಆಗ ತೂಕದಣ್ಣ ಪೆಟ್ಟಿಗೆಯನ್ನು ಮೂಗಿನ ಹತ್ತಿರ ಹಿಡಿದು, ಬೆರಳಿನಿಂದ ತಟ್ಟಿ, "ಇದು ಮರ ಹಸಿಯಿದ್ದಾಗ ಬರೆದ ತೂಕ. ಈಗ ಪೆಟ್ಟಿಗೆ ಒಣಗಿದೆ" ಎಂದಿದ್ದ. ಖಾಲಿ ಪೆಟ್ಟಿಗೆ ತೂಗಿದರು. ಬರೆದದ್ದಕ್ಕಿಂತ ಹಗುರ. ಒಣಗಿತ್ತು. ಅಂದಿನಿಂದ ಕೆಲಸಕ್ಕೆ ಸೇರಿದ ಹೊಸಬರಿಗೆಲ್ಲ ಅವನು ಮೊದಲ ದಿನವೇ ಹೇಳುವ ಪಾಠ ಅದು: ಬರೆದ ತೂಕವನ್ನು ನಂಬಬೇಡಿ, ಪೆಟ್ಟಿಗೆಯನ್ನು ಆಗಾಗ ಖಾಲಿ ಮಾಡಿ ತೂಗಿ. ಅಂದಿನಿಂದಲೇ ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಅವನ ಇನ್ನೊಂದು ಖ್ಯಾತಿ ಅವನ ಸ್ವಂತ ತೂಕ. ಎಪ್ಪತ್ತೆಂಟು ಕಿಲೋ. ಮದುವೆಯಾದಾಗಲೂ ಅಷ್ಟೇ, ಮಗಳನ್ನು ಮದುವೆ ಮಾಡಿ ಕಳಿಸಿದಾಗಲೂ ಅಷ್ಟೇ. ಮಷೀನು ಕೆಟ್ಟು ರಿಪೇರಿಯಾದಾಗ, ಮೆಕ್ಯಾನಿಕ್ ತನ್ನ ತೂಕದ ಬಟ್ಟುಗಳನ್ನೆಲ್ಲ ಇಟ್ಟು ಸರಿ ಎಂದ ಮೇಲೂ, ಹಮಾಲಿಗಳು ಒಪ್ಪುತ್ತಿರಲಿಲ್ಲ. "ನಮ್ಮಣ್ಣ ಹತ್ಲಿ" ಅನ್ನುತ್ತಿದ್ದರು. ಅವನು ಹತ್ತುತ್ತಿದ್ದ. ಮುಳ್ಳು ಎಪ್ಪತ್ತೆಂಟಕ್ಕೆ ಹೋಗಿ ನಿಲ್ಲುತ್ತಿತ್ತು. ಆಮೇಲೇ ಕೆಲಸ ಶುರು. ಮಷೀನು ಕೆಟ್ಟು ಈಗ ಬಹಳ ಕಾಲವಾಗಿತ್ತು, ಹಾಗಾಗಿ ಯಾರೂ ಅವನನ್ನು ಹತ್ತಿಸಿರಲಿಲ್ಲ.

ಕ್ರೇಟನ್ನು ಮೆಟ್ಟಿಲು ಹತ್ತಿಸಿಕೊಂಡು ಮೂರನೇ ಮಹಡಿಯ ಮನೆಗೆ ಬಂದಾಗ, ಹೆಂಡತಿ ಏನನ್ನುತ್ತಾಳೋ ಎಂದು ಅವನು ಅದನ್ನು ಬೆನ್ನ ಹಿಂದೆ ಮರೆಮಾಡಲು ನೋಡಿದ. ಅವಳು ಮರಿಯನ್ನು ನೋಡಿದಳು. ಗಂಡನನ್ನು ನೋಡಿದಳು. ಮತ್ತೆ ಮರಿಯನ್ನೇ ನೋಡಿ, "ಇದಕ್ಕೆ ಊಟ ಯಾರು ಹಾಕೋದು?" ಎಂದಳು. ಉತ್ತರಕ್ಕೆ ಕಾಯದೆ ಅಡುಗೆಮನೆಗೆ ಹೋಗಿ ಮೊಟ್ಟೆ ಬೇಯಲು ಇಟ್ಟಳು. ತೂಕದಣ್ಣ ಬಾಗಿಲಲ್ಲೇ ನಿಂತ. ಬೈಗುಳಕ್ಕೆ ಉತ್ತರ ಸಿದ್ಧ ಮಾಡಿಕೊಂಡು ಬಂದವನಿಗೆ ಬೈಗುಳವೇ ಸಿಗದಿದ್ದರೆ ಏನು ಮಾಡಬೇಕು ಎಂದು ಗೊತ್ತಾಗುವುದಿಲ್ಲ.

ಮರಿಗೆ ಪಾರ್ಸೆಲ್ ಎಂದು ಹೆಸರಾಯಿತು.

ಮೊದಲ ಶನಿವಾರ ಅವನು ಪಾರ್ಸೆಲ್ಲನ್ನು ಗೋದಾಮಿಗೆ ಕರೆದುಕೊಂಡು ಹೋದ. ಬೇರೆ ತಕ್ಕಡಿ ಅವನಿಗೆ ಆಗದು. ಪಕ್ಕದ ಮನೆಯವರ ಬಚ್ಚಲಲ್ಲಿರುವ ಗಾಜಿನ ತಕ್ಕಡಿಯನ್ನು ಅವನು ಆಟದ ಸಾಮಾನು ಎಂದೇ ತಿಳಿದಿದ್ದ. ಆದರೆ ಗೋದಾಮಿನ ಮಷೀನಿನ ಕಬ್ಬಿಣದ ಹಾಸು ತಣ್ಣಗೆ, ಕಾಲಿಟ್ಟರೆ ಗಡಗಡ ಎನ್ನುತ್ತದೆ. ಮರಿ ನಡುಗಿ ಕೆಳಗೆ ಹಾರಿತು. ಮತ್ತೆ ಇಟ್ಟ, ಮತ್ತೆ ಹಾರಿತು. ಮುಳ್ಳು ಅತ್ತಿತ್ತ ತೂಗಾಡಿ ಏನನ್ನೂ ಹೇಳಲಿಲ್ಲ. ಕೊನೆಗೆ ತೂಕದಣ್ಣ ಮರಿಯನ್ನು ಎತ್ತಿಕೊಂಡು ತಾನೇ ಹತ್ತಿದ. ಎಂಬತ್ತೊಂದು. ಅದರಲ್ಲಿ ತಾನು ಎಪ್ಪತ್ತೆಂಟು. ಉಳಿದದ್ದು ಮೂರು. ಮೇಡಮ್ ಹೇಳಿದ್ದು ಕೂದಲಷ್ಟೂ ತಪ್ಪಿಲ್ಲ. ಫೋನಿನಲ್ಲಿ ಹೆಮ್ಮೆಯಿಂದಲೇ ಹೇಳಿದ.

ಅಲ್ಲಿಂದ ಮುಂದೆ ಅವನ ಬದುಕು ಮರಿಯ ಹಗ್ಗದ ತುದಿಯಲ್ಲಿ ನಡೆಯಿತು. ಪಾರ್ಸೆಲ್ಲಿಗೆ ಎಚ್ಚರವಾದರೆ ಕೆಳಗೆ ಹೋಗಬೇಕು, ಉಂಡರೆ ಹೋಗಬೇಕು, ನೀರು ಕುಡಿದರೆ ಹೋಗಬೇಕು, ಯಾರಾದರೂ ಮನೆಗೆ ಬಂದ ಖುಷಿಗೂ ಹೋಗಬೇಕು. ಮೂರು ಮಹಡಿಗೆ ಲಿಫ್ಟಿಲ್ಲ. ಮರಿ ಇಳಿಯುವಾಗ ಉತ್ಸಾಹದಿಂದ ಇಳಿಯುತ್ತಿತ್ತು, ಹತ್ತುವಾಗ ಮೊದಲ ಮೆಟ್ಟಿಲಲ್ಲೇ ಕೂತು ಅವನ ಮುಖ ನೋಡುತ್ತಿತ್ತು. ಎತ್ತಿಕೊಂಡು ಹತ್ತುತ್ತಿದ್ದ. ಬೆಳಗ್ಗೆ ಪಾರ್ಕಿಗೆ, ಸಂಜೆ ಕಾಲುವೆ ದಂಡೆಗೆ. ಮೊದಲು ಹಾಲಿಗೂ ಸ್ಕೂಟರಿನಲ್ಲೇ ಹೋಗುತ್ತಿದ್ದವನು ಈಗ ಎಲ್ಲಿಗೆ ಹೊರಟರೂ ಮರಿ ಜೊತೆಗೆ ಬರುವುದರಿಂದ ನಡೆದೇ ಹೋಗುತ್ತಿದ್ದ. ನಡೆದು ಎಂಬುದು ಗೌರವದ ಮಾತು. ಪಾರ್ಸೆಲ್ಲಿಗೆ ಬೆಕ್ಕು ಕಂಡಾಗ ಅವನು ಓಡುತ್ತಿದ್ದ.

ಅಡುಗೆಮನೆಯಲ್ಲೂ ಅಧಿಕಾರ ಬದಲಾಯಿತು. ಮರಿಯ ಅನ್ನಕ್ಕೆ ಕುಂಬಳಕಾಯಿ, ಬೇಯಿಸಿದ ಕೋಳಿ, ಮೊಟ್ಟೆ. ಎಲ್ಲ ಅಳತೆ ಪ್ರಕಾರ, ಎಲ್ಲ ಹೊತ್ತಿಗೆ ಸರಿಯಾಗಿ. ಗಂಡನಿಗೆ ಮಾತ್ರ, "ಅನ್ನ ಆ ಪಾತ್ರೇಲಿದೆ, ಹಾಕ್ಕೊಳಿ." ಎರಡನೇ ಸಲ ಬಡಿಸಿಕೊಳ್ಳಲು ಕೈ ಚಾಚಿದರೆ ಪಾತ್ರೆ ಮರಿಯ ಕಡೆ ಹೋಗಿರುತ್ತಿತ್ತು. "ಅದು ಬೆಳೆಯೋ ಮಗು ಕಣ್ರೀ. ನೀವೇನು ಬೆಳೀಬೇಕಾ?"

ಎರಡನೇ ಶನಿವಾರ ಮರಿಯನ್ನು ಎತ್ತಿಕೊಂಡು ಮಷೀನು ಹತ್ತಿದ. ಎಂಬತ್ತೊಂದು.

ಕೆಳಗಿಳಿದು, ಮುಳ್ಳು ಸೊನ್ನೆಗೆ ಬಂತೇ ಎಂದು ನೋಡಿ, ಮತ್ತೆ ಹತ್ತಿದ. ಎಂಬತ್ತೊಂದೇ. ವಾರವಿಡೀ ತಿಂದ ಮೊಟ್ಟೆಗಳೆಲ್ಲ ಎಲ್ಲಿ ಹೋದವು? ಮೇಸ್ತ್ರಿ ಕೈಗಾಡಿಗೆ ಒರಗಿಕೊಂಡು, ಕೆಲವು ಮಕ್ಕಳೂ ಹಾಗೇ, ಮೊದಲು ಉದ್ದಕ್ಕೆ ಬೆಳೆದು ಆಮೇಲೆ ತೂಕ ಹಿಡೀತವೆ ಎಂದು ಸಮಾಧಾನ ಮಾಡಿದ. ತೂಕದಣ್ಣ ಮೇಡಮ್‌ಗೆ ಫೋನಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದ. ಅವರು ಇನ್ನೊಂದು ವಾರ ನೋಡೋಣ ಎಂದರು. ತನ್ನದೇ ಮಾತು ಇನ್ನೊಬ್ಬರ ಬಾಯಲ್ಲಿ ಇಷ್ಟು ಭಯ ಹುಟ್ಟಿಸುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿ ನಂಬಲಿಲ್ಲ. ಕೊರಳಪಟ್ಟಿಯನ್ನು ಒಂದು ತೂತು ಸಡಿಲಿಸಿದ್ದೇನೆ, ಕಣ್ಣಿಗೆ ಕಾಣುವುದಿಲ್ಲವೇ ಎಂದಳು. ತೂಕದಣ್ಣ ಮರಿಯನ್ನು ಮುಂದಿನಿಂದ ನೋಡಿದ, ಪಕ್ಕದಿಂದ ನೋಡಿದ. ಉದ್ದ ಆಗಿದೆ, ನಿಜ. ಕಿವಿಗಳು ದೊಡ್ಡದಾಗಿವೆ, ಅದೂ ನಿಜ. ಆದರೆ ಕಣ್ಣನ್ನು ನಂಬಿ ಅವನು ಯಾವತ್ತೂ ಒಂದು ಪಾರ್ಸೆಲ್ಲಿಗೂ ಚೀಟಿ ಬರೆದವನಲ್ಲ. ಹಿಟ್ಟಿನ ಉಂಡೆಯನ್ನು ಲಟ್ಟಿಸಿದರೆ ಅಗಲವಾಗುತ್ತದೆ, ಹಿಟ್ಟು ಹೆಚ್ಚಾಗುತ್ತದೆಯೇ? ಈ ಮರಿಯೂ ಹಾಗೇ, ಇದ್ದ ಮೂರು ಕಿಲೋವನ್ನೇ ಉದ್ದಕ್ಕೆ ಲಟ್ಟಿಸಿಕೊಳ್ಳುತ್ತಿದೆ ಎಂದು ವಿವರಿಸಿದ. ಹೆಂಡತಿ ಲಟ್ಟಣಿಗೆ ಕೈಯಲ್ಲಿ ಹಿಡಿದಿದ್ದಳು. ಅವನನ್ನೊಮ್ಮೆ ನೋಡಿ ಒಳಗೆ ಹೋದಳು.

ಅವತ್ತಿನಿಂದ ತನ್ನ ತಟ್ಟೆಯ ಮೊಟ್ಟೆಯನ್ನೂ ಅವನು ಮೇಜಿನ ಕೆಳಗೆ ಜಾರಿಸತೊಡಗಿದ. ಚಿಂತೆಯಿಂದ ಅವನಿಗೂ ತುತ್ತು ಇಳಿಯುತ್ತಿರಲಿಲ್ಲ. ನಡುವೆ ಹೊಟ್ಟೆ ಕೆಟ್ಟು ಎರಡು ದಿನ ಗಂಜಿ ಕುಡಿದುಕೊಂಡಿದ್ದ. ಆ ಶನಿವಾರ ಮುಳ್ಳು ಎಂಬತ್ತೊಂದಕ್ಕೂ ಬರಲಿಲ್ಲ. ಅರ್ಧ ಕಿಲೋ ಕಡಿಮೆ.

ಅವನು ಬಗ್ಗಿ ಮುಳ್ಳನ್ನು ಇನ್ನೊಮ್ಮೆ ಓದಿದ. ಮರಿ ಮಾತ್ರ ಅವನ ತೋಳಿನಲ್ಲಿ ಆರಾಮವಾಗಿ ಕೂತು ಅವನ ಅಂಗಿಯ ಗುಂಡಿ ಅಗಿಯುತ್ತಿತ್ತು. ಈ ಉತ್ಸಾಹ, ಈ ಹಸಿವು, ಈ ಹೊಳೆಯುವ ಕೂದಲು. ಇದೆಲ್ಲ ಇರುವಾಗ ಒಳಗಿನಿಂದ ಕರಗುತ್ತಿದೆ ಎಂದರೆ ಎಂಥ ಕಳ್ಳ ಕಾಯಿಲೆ ಇರಬೇಕು? ಮಷೀನು ಕೆಟ್ಟಿರಬಹುದೇ ಎಂದು ತೂಕ ಬರೆದ ಒಂದು ಅಕ್ಕಿ ಮೂಟೆ ಇಟ್ಟು ನೋಡಿದ. ಮೂಟೆ ಸರಿಯಾಗಿ ತೂಗಿತು. ಮೂಟೆ ಸರಿ, ಮಷೀನು ಸರಿ, ಲೆಕ್ಕ ಸರಿ. ತಪ್ಪಿರುವುದು ನಾಯಿ.

ಫೋನಿನಲ್ಲಿ ಮೇಡಮ್ ದನಿ ಬದಲಾಯಿತು. ಮುಂದಿನ ಸಲವೂ ಹೀಗೇ ಆದರೆ ವ್ಯಾನು ಕಳಿಸುತ್ತೇನೆ, ನಿಮ್ಮ ತಪ್ಪಲ್ಲ, ಆದರೆ ಮರಿಯ ಜೀವದ ಪ್ರಶ್ನೆ ಎಂದರು. ಅವನು "ನೋಡೋಣ" ಅನ್ನಲಿಲ್ಲ.

ಅಂದು ಊಟದ ಹೊತ್ತಿಗೆ ಗಂಡಹೆಂಡಿರ ನಡುವೆ ಮಾತಿಗೆ ಮಾತು ಬೆಳೆಯಿತು.

"ರೀ, ಒಂದು ಅರ್ಧ ಕಿಲೋ ಜಾಸ್ತಿ ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ತೂಕದಲ್ಲಿ ಸುಳ್ಳು ಹೇಳು ಅಂತೀಯಾ? ನಾನಾ?"

"ನಾಯಿ ಚೆನ್ನಾಗಿದೆ ಕಣ್ರೀ. ನಂಗೆ ಕಾಣುತ್ತೆ. ಸುಳ್ಳು ಹೇಳ್ತಿರೋದು ನಿಮ್ಮ ಮಷೀನು."

"ಮಷೀನು ಸುಳ್ಳು ಹೇಳಲ್ಲ ಕಣೇ."

"ಹಾಗಿದ್ರೆ ಮಷೀನನ್ನೇ ಮನೇಲಿ ಸಾಕ್ಕೊಳಿ," ಎಂದು ಅವಳು ಎದ್ದು ಹೋದಳು. ಮೇಜಿನ ಕೆಳಗಿದ್ದ ಪಾರ್ಸೆಲ್ ಯಾರ ಹಿಂದೆ ಹೋಗಬೇಕು ಎಂದು ತಿಳಿಯದೆ, ಇಬ್ಬರ ನಡುವೆ ನೆಲದ ಮೇಲೆ ಮಲಗಿಕೊಂಡಿತು. ತೂಕದಣ್ಣ ಅದರ ಬೆನ್ನಿನ ಮೇಲೆ ಕೈಯಾಡಿಸಿದ. ಪಕ್ಕೆಲುಬು ಬೆರಳಿಗೆ ಸಿಗಲಿಲ್ಲ. ಮೊದಲು ಸಿಗುತ್ತಿತ್ತಲ್ಲ ಎಂದು ಒಂದು ಕ್ಷಣ ಅನಿಸಿತು. ಆಮೇಲೆ, ಬೆರಳನ್ನು ನಂಬುವುದೂ ಕಣ್ಣನ್ನು ನಂಬಿದ ಹಾಗೇ ಎಂದು ಕೈ ತೆಗೆದ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಇಟ್ಟ.

ಮುಂದಿನ ಶನಿವಾರ ಮತ್ತೆ ಎಂಬತ್ತೊಂದು. ಹೋದ ಅರ್ಧ ಕಿಲೋ ವಾಪಸ್ ಬಂದಿತ್ತು, ಅಷ್ಟೇ. ಇಷ್ಟು ದಿನದ ಆರೈಕೆಗೆ ಮರಿ ಬಂದಾಗಿನ ಮೂರು ಕಿಲೋಗೇ ಬಂದು ನಿಂತಿತ್ತು. ಗೋದಾಮಿನ ಮೂಲೆಯಲ್ಲಿ, ಮೊದಲು ಅದು ಸಿಕ್ಕಿದ್ದ ಬಟ್ಟೆ ಮೂಟೆಗಳ ಪಕ್ಕದಲ್ಲಿ ನಿಂತು ಅವನು ಫೋನ್ ಹಚ್ಚಿದ. ಮೇಡಮ್ ಎತ್ತಿದ ಕೂಡಲೇ ಕೇಳಿದರು. "ಹೇಳಿ, ಎಷ್ಟಿದೆ?"

ಮರಿ ಅವನ ಚಪ್ಪಲಿಯ ಪಟ್ಟಿ ಎಳೆಯುತ್ತಿತ್ತು. ತೂಕದಣ್ಣನ ಬಾಯಿಂದ ಮಾತು ತಾನಾಗಿಯೇ ಹೊರಟಿತು.

"ಐದು."

ಮೇಡಮ್‌ಗೆ ಆದ ಖುಷಿ ಫೋನಿನಲ್ಲೇ ಉಕ್ಕಿ ಬಂತು. ನಾನು ಎಷ್ಟು ಹೆದರಿದ್ದೆ ಗೊತ್ತಾ, ಇನ್ನು ಮರಿ ನಿಮ್ಮದೇ ಎಂದರು. ಹುಳುವಿನ ಮಾತ್ರೆ ಕೊಡುವ ಹೊತ್ತಾಗಿದೆ, ನಮ್ಮ ಹುಡುಗಿಯ ಕೈಯಲ್ಲಿ ಇವತ್ತೇ ಕಳಿಸುತ್ತೇನೆ, ಮಾತ್ರೆ ತೂಕ ನೋಡಿ ಕೊಡಬೇಕಾದ್ದು, ಐದು ಕಿಲೋಗೆ ಸರಿಯಾದದ್ದನ್ನೇ ಕಳಿಸುತ್ತೇನೆ ಎಂದರು. ನಂತರ ಒಂದು ಮಾತು ಸೇರಿಸಿದರು. ಬೇರೆ ಯಾರಾದರೂ ಆಗಿದ್ದರೆ ಒಮ್ಮೆ ನಾನೇ ತೂಗಿ ನೋಡುತ್ತಿದ್ದೆ, ನೀವು ಹೇಳಿದ ಮೇಲೆ ಮುಗಿಯಿತು.

ಮಾತ್ರೆ ಸಂಜೆಗೇ ಬಂತು. ಹೆಂಡತಿ ಅದನ್ನು ಅನ್ನದ ಉಂಡೆಯಲ್ಲಿ ಹುದುಗಿಸಿ ಕೊಡುತ್ತೇನೆ ಎಂದಳು. ಅವನು ಬೇಡ ಎಂದ. ಮಾತ್ರೆಯನ್ನು ಮೇಜಿನ ಮೇಲಿಟ್ಟು ಅದರ ಮುಂದೆ ಕೂತ. ಮೂರು ಕಿಲೋದ ಮರಿಗೆ ಐದು ಕಿಲೋದ ಮಾತ್ರೆ. ಅರ್ಧ ಮುರಿದು ಕೊಡೋಣವೆಂದರೆ ಅದೂ ಲೆಕ್ಕಕ್ಕೆ ಬರುವುದಿಲ್ಲ. ಕೊಡದೇ ಇದ್ದರೆ ಹುಳು. ಪೂರ್ತಿ ಕೊಟ್ಟರೆ ವಿಷವೋ ಏನೋ. ಸುಳ್ಳು ಹೇಳುವುದು ಬಾಯಿಂದ ಅಷ್ಟು ಸಲೀಸಾಗಿ ಬಂದಿತ್ತು. ಅದು ಇಷ್ಟು ಬೇಗ ಒಂದು ಬಿಳಿ ಗುಂಡಗಿನ ವಸ್ತುವಾಗಿ ಮೇಜಿನ ಮೇಲೆ ಬಂದು ಕೂರುತ್ತದೆ ಎಂದು ಅವನು ಎಣಿಸಿರಲಿಲ್ಲ. ಪಾರ್ಸೆಲ್ ಮುಂಗಾಲುಗಳನ್ನು ಅವನ ಮೊಣಕಾಲ ಮೇಲಿಟ್ಟು ಮಾತ್ರೆಯನ್ನೂ ಅವನನ್ನೂ ನೋಡಿತು. ಅದಕ್ಕೆ ತಿನ್ನಲು ಏನಾದರೂ ಸರಿ.

"ನಾಳೆ ಹೋಗಿ ನಿಜ ಹೇಳಿಬಿಡ್ತೀನಿ," ಎಂದ.

ಹೆಂಡತಿ ಮರಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. "ಹೇಳಿದ್ರೆ ಇದನ್ನ ಇಟ್ಕೊಂಡುಬಿಡ್ತಾರೆ."

"ಗೊತ್ತು."

ಬೆಳಗ್ಗೆ ಅವಳು ಮರಿಯ ಟವೆಲು ಒಗೆದು, ಒಣಗಿಸಿ, ಮಡಿಸಿ ಕೊಟ್ಟಳು. ಗಂಡನ ಬೆಲ್ಟಿಗೆ ಯಾಕೋ ಒಂದು ಹೊಸ ತೂತು ಬಿದ್ದಿದ್ದನ್ನು ಅವನು ಆ ಗಡಿಬಿಡಿಯಲ್ಲಿ ಗಮನಿಸಲಿಲ್ಲ.

ಆಶ್ರಯದ ಅಂಗಳದಲ್ಲಿ ಮೇಡಮ್ ಬಕೆಟ್ಟು ತೊಳೆಯುತ್ತಿದ್ದರು. ತೂಕದಣ್ಣ ಪೀಠಿಕೆ ಹಾಕಲಿಲ್ಲ.

"ಮೇಡಮ್, ನಾನು ಸುಳ್ಳು ಹೇಳಿದೆ."

"ಎಷ್ಟು?"

"ಎರಡು ಕಿಲೋ."

ಅವರು ಕೈ ಒರೆಸಿಕೊಂಡು ಮರಿಯನ್ನು ನೋಡಿದರು. ನೋಡುತ್ತಲೇ ಇದ್ದರು. ನಿಧಾನವಾಗಿ ಅವರ ಮುಖ ಗಂಟಿಕ್ಕಿಕೊಂಡಿತು. ಅದು ಸಿಟ್ಟಿನ ಗಂಟು ಅಂತ ತೂಕದಣ್ಣ ತಲೆ ತಗ್ಗಿಸಿದ. ಅವರು ಒಳಗಿನಿಂದ ಚಪ್ಪಟೆ ತಕ್ಕಡಿಯೊಂದನ್ನು ತಂದು, ಅದರ ಮೇಲೆ ಟವೆಲು ಹಾಸಿ, ಪಾರ್ಸೆಲ್ಲನ್ನು ಕರೆದರು. ಅದು ಹಳೇ ಪರಿಚಯದ ಜಾಗವೆಂಬಂತೆ ಹೋಗಿ ಟವೆಲಿನ ಮೇಲೆ ಕೂತು ಬಾಲ ಅಲ್ಲಾಡಿಸಿತು.

"ಆರೂವರೆ," ಎಂದರು ಮೇಡಮ್.

ತೂಕದಣ್ಣ ಬಗ್ಗಿ ನೋಡಿದ. ಆರೂವರೆ ಎಂದೇ ಇತ್ತು. ಅವನಿಗೆ ಮೊದಲು ಬಂದದ್ದು ಸಂತೋಷವಲ್ಲ, ಕೋಪ. ನಿಮ್ಮ ತಕ್ಕಡಿ ಕೆಟ್ಟಿದೆ ಎಂದ. ಮೇಡಮ್ ಇದ್ದರೂ ಇರಬಹುದು ಎಂದು ಒಪ್ಪಿದರು. ಮನುಷ್ಯ ತನ್ನ ಸುಳ್ಳನ್ನು ಒಪ್ಪಿಕೊಳ್ಳಲು ಇಷ್ಟು ದೂರ ಬಂದವನು, ಅವನ ಮಾತನ್ನು ತಳ್ಳಿಹಾಕುವುದು ಹೇಗೆ? ಬೇಕಾದರೆ ನಮ್ಮ ಗೋದಾಮಿಗೆ ಬನ್ನಿ, ಕಣ್ಣಾರೆ ತೋರಿಸುತ್ತೇನೆ ಎಂದ. ಅವರೂ ವ್ಯಾನು ತೆಗೆದರು. ದಾರಿಯುದ್ದಕ್ಕೂ ಪಾರ್ಸೆಲ್ ಕಿಟಕಿಯಿಂದ ಮೂಗು ಹೊರಹಾಕಿ ಊರು ನೋಡುತ್ತಿತ್ತು.

ಗೋದಾಮಿನಲ್ಲಿ ಮೇಸ್ತ್ರಿ ಲಾರಿ ಖಾಲಿ ಮಾಡಿಸುತ್ತಿದ್ದ. ತೂಕದಣ್ಣ ಮರಿಯನ್ನು ಎತ್ತಿಕೊಂಡು ಮಷೀನು ಹತ್ತಿದ. ಮುಳ್ಳು ಹೋಗಿ ಎಂಬತ್ತೊಂದಕ್ಕೆ ನಿಂತಿತು.

"ನೋಡಿದ್ರಾ ಮೇಡಮ್?" ಎಂದ. ಗೆದ್ದವನ ದನಿಯೂ ಸೋತವನ ದನಿಯೂ ಅದರಲ್ಲಿ ಒಟ್ಟಿಗೇ ಇದ್ದವು. "ಎಪ್ಪತ್ತೆಂಟು ಕಳೀರಿ. ಮೂರೇ ಮೂರು."

ಮೇಡಮ್ ಮುಳ್ಳನ್ನು ನೋಡಿದರು, ಮರಿಯನ್ನು ನೋಡಿದರು. ಅವರ ಮುಖವೂ ಈಗ ತೂಕದಣ್ಣನ ಮುಖದ ಹಾಗೇ ಆಗಿತ್ತು. "ಅಲ್ಲ, ಇದನ್ನ ಎತ್ಕೊಂಡ್ರೇ ಗೊತ್ತಾಗುತ್ತಲ್ಲ..." ಎಂದು ಮಾತು ನಿಲ್ಲಿಸಿದರು.

ಮೇಸ್ತ್ರಿ ಹೆಗಲ ಮೇಲಿದ್ದ ಮೂಟೆ ಇಳಿಸಿದ. ಹತ್ತಿರ ಬಂದು ತೂಕದಣ್ಣನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ, ಖಾಲಿ ಪೆಟ್ಟಿಗೆಯನ್ನು ನೋಡುವ ಹಾಗೆ.

"ಅಣ್ಣಾ, ಮರೀನ ಇಲ್ಲಿ ಕೊಡಿ. ನೀವೊಬ್ಬರೇ ನಿಂತ್ಕೊಳಿ."

"ನನ್ನನ್ನೇನು ನೋಡೋದು?"

"ಸುಮ್ನೆ ನಿಂತ್ಕೊಳಿ ಅಣ್ಣಾ."

ಮರಿ ಕೈಯಿಂದ ಕೈಗೆ ದಾಟಿತು. ತೂಕದಣ್ಣ ನಿಂತ. ಮುಳ್ಳು ಕೆಳಗಿಳಿಯಿತು. ಎಪ್ಪತ್ತೆಂಟಕ್ಕೆ ನಿಲ್ಲುತ್ತದೆ ಎಂದು ಅವನು ನೋಡುತ್ತಿದ್ದ. ಅದು ಅಲ್ಲಿ ನಿಲ್ಲಲಿಲ್ಲ. ಎಪ್ಪತ್ತಾರರ ಮುಂದೆಯೂ ನಿಲ್ಲಲಿಲ್ಲ. ಎಪ್ಪತ್ತನಾಲ್ಕೂವರೆಗೆ ಬಂದು, ಒಮ್ಮೆ ಅಲುಗಾಡಿ, ಸುಮ್ಮನಾಯಿತು. ಲಾರಿಯ ಮೇಲಿದ್ದ ಹಮಾಲಿಗಳೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ಮೇಸ್ತ್ರಿ ಅವನ ಬೆನ್ನನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದ.

"ಪೆಟ್ಟಿಗೆ ಒಣಗಿದೆ ಅಣ್ಣಾ."

ಗೋದಾಮು ನಕ್ಕ ನಗೆಗೆ ಪಾರ್ಸೆಲ್ ಹೆದರಿ ಮೇಸ್ತ್ರಿಯ ತೋಳಿನಿಂದ ಜಿಗಿದು, ಸೀದಾ ಮಷೀನಿನ ಮೇಲೆ ಬಂದು ತೂಕದಣ್ಣನ ಕಾಲಿನ ನಡುವೆ ನಿಂತುಕೊಂಡಿತು. ಕಬ್ಬಿಣ ಗಡಗಡ ಎಂದಿತು. ಮರಿ ನಡುಗಲೂ ಇಲ್ಲ, ಹಾರಲೂ ಇಲ್ಲ. ಮುಳ್ಳು ಮತ್ತೆ ಎಂಬತ್ತೊಂದಕ್ಕೆ ಹೋಯಿತು. ತೂಕದಣ್ಣ ನಗುತ್ತಿರಲಿಲ್ಲ. ಅವನು ಬೆರಳು ಮಡಚುತ್ತ ಲೆಕ್ಕ ಹಾಕುತ್ತಿದ್ದ. ಮೊದಲ ಶನಿವಾರವೊಂದನ್ನು ಬಿಟ್ಟರೆ, ನಿಜ ಹೇಳಿದ ಶನಿವಾರಗಳಲ್ಲೆಲ್ಲ ಅವನು ಹೇಳಿದ್ದು ಸುಳ್ಳು. ಸುಳ್ಳು ಹೇಳಿದ ಒಂದೇ ಒಂದು ಶನಿವಾರ ಅವನು ಹೇಳಿದ್ದು ನಿಜಕ್ಕೆ ಹತ್ತಿರ. ಹಾಗಾದರೆ ಮೇಡಮ್‌ ಹತ್ತಿರ ಕ್ಷಮೆ ಕೇಳಬೇಕಾದದ್ದು ಯಾವುದಕ್ಕೆ?

ಮೇಡಮ್ ಅದನ್ನೂ ಸುಲಭ ಮಾಡಿಕೊಡಲಿಲ್ಲ. "ಸುಳ್ಳನ್ನೂ ಕಮ್ಮಿಯಾಗೇ ಹೇಳಿದ್ದೀರಲ್ಲ," ಎಂದು ಕಣ್ಣೊರೆಸಿಕೊಂಡು ನಕ್ಕರು. ಬ್ಯಾಗಿನಿಂದ ಇನ್ನೊಂದು ಮಾತ್ರೆ ತೆಗೆದು ಕೊಟ್ಟರು. ಮೊದಲಿನದು ಬೇಡ, ಇದು ಆರೂವರೆಗೆ ಸರಿಯಾದದ್ದು ಎಂದರು. ಮರಿಯ ತಲೆ ಸವರಿ, ಇದಕ್ಕೆ ಊಟ ಸ್ವಲ್ಪ ಕಡಿಮೆ ಮಾಡಿ, ನಿಮಗೆ ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ ಎಂದು ವ್ಯಾನು ಹತ್ತಿದರು. ಟವೆಲು ವಾಪಸ್ ಕೊಡಬೇಕೆಂದು ಹಿಂದೆಯೇ ಓಡಿದವನಿಗೆ, ಅದು ಮರಿಯದು, ನಿಮ್ಮ ಹತ್ತಿರವೇ ಇರಲಿ ಎಂದರು.

ಮನೆಯ ಮೆಟ್ಟಿಲು ಹತ್ತುವಾಗ ಪಾರ್ಸೆಲ್ ಮೊದಲ ಮೆಟ್ಟಿಲಲ್ಲಿ ಕೂತು ಅವನ ಮುಖ ನೋಡಿತು. ಎತ್ತಿಕೊಂಡ. ನಿಜಕ್ಕೂ ಭಾರ ಇತ್ತು. ಇಷ್ಟು ದಿನ ಇದೇ ಭಾರವನ್ನು ಇದೇ ಮೆಟ್ಟಿಲ ಮೇಲೆ ಹೊತ್ತವನು ಅವನೇ. ಎರಡನೇ ಮಹಡಿಯಲ್ಲಿ ನಿಂತು ಉಸಿರು ಬಿಟ್ಟು ಇನ್ನೊಮ್ಮೆ ಯೋಚಿಸಿದ. ಮೊದಲಾದರೆ ಇಲ್ಲಿ ಏದುಸಿರು ಬರುತ್ತಿತ್ತು. ಈಗ ಬರುತ್ತಿಲ್ಲ. ಅದೂ ಅವನಿಗೆ ಹೊಳೆದಿರಲಿಲ್ಲ.

ಬಾಗಿಲು ತೆರೆದ ಹೆಂಡತಿ ಮೊದಲು ಅವನ ತೋಳು ನೋಡಿದಳು. ತೋಳಿನಲ್ಲಿ ಮರಿ ಇತ್ತು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ಆಮೇಲೆ ಕಥೆ ಕೇಳಿದಳು. ಕೇಳಿ ಮುಗಿಸಿ, ಕಪಾಟಿನಿಂದ ಅವನ ಎರಡು ಪ್ಯಾಂಟು ತೆಗೆದು ಮುಂದಿಟ್ಟಳು. ಎರಡರ ಸೊಂಟವನ್ನೂ ಒಳಗೆ ಹಿಡಿದು ಹೊಲಿದಿತ್ತು.

"ನಿಂಗೆ ಗೊತ್ತಿತ್ತಾ?"

"ಪ್ಯಾಂಟು ಸಡಿಲ ಆಗಿದೆ ಅಂತ ಗೊತ್ತಿತ್ತು. ಅದನ್ನ ನಾಯಿ ಲೆಕ್ಕಕ್ಕೆ ಸೇರಿಸ್ಬೇಕು ಅಂತ ನಂಗೇನು ಗೊತ್ತು?"

ಮಾತ್ರೆಯನ್ನು ಅನ್ನದ ಉಂಡೆಯಲ್ಲಿ ಹುದುಗಿಸಿ ಅವನೇ ಕೊಟ್ಟ. ಪಾರ್ಸೆಲ್ ಉಂಡೆ ನುಂಗಿ, ಮಾತ್ರೆಯನ್ನು ಮಾತ್ರ ಅಚ್ಚುಕಟ್ಟಾಗಿ ನೆಲದ ಮೇಲೆ ಉಗುಳಿತು. ಎರಡನೇ ಉಂಡೆಯಲ್ಲಿ ಮಾತ್ರೆ ಒಳಗೆ ಹೋಯಿತು. ಅಂದು ಹೆಂಡತಿ ಅವನ ತಟ್ಟೆಗೆ ಕೇಳದೆಯೇ ಎರಡನೇ ಸಲ ಬಡಿಸಿದಳು. ಉಣ್ಣುವಾಗ ಅವನು ಮೇಜಿನ ಕೆಳಗೆ ಕೈ ಜಾರಿಸದಂತೆ ನೋಡಿಕೊಂಡಳು.

ಮರುದಿನ ಕೆಲಸ ಮುಗಿಸಿ ಬಂದಾಗ ಅವನ ಅಂಗಿಯ ಬೆನ್ನಿನ ಮೇಲೆ ಸೀಮೆಸುಣ್ಣದಲ್ಲಿ, ಪೆಟ್ಟಿಗೆಗಳ ಮೇಲೆ ಬರೆಯುವ ಅದೇ ದಪ್ಪ ಅಕ್ಷರದಲ್ಲಿ, "ಖಾಲಿ ತೂಕ ೭೪½, ಮತ್ತೆ ನೋಡುವುದು" ಎಂದು ಬರೆದಿತ್ತು. ಹಮಾಲಿಗಳಲ್ಲಿ ಯಾರು ಬರೆದರೋ, ಯಾವಾಗ ಬರೆದರೋ. ಆ ಬರಹ ಹೊತ್ತುಕೊಂಡೇ ಅವನು ಬೀದಿಯುದ್ದಕ್ಕೂ ನಡೆದು ಬಂದಿದ್ದ. ದಾರಿಯಲ್ಲಿ ಜನ ಯಾಕೆ ನಗುತ್ತಿದ್ದಾರೆ ಎಂದು ಅರ್ಥವಾಗದೆ, ತಿರುಗಿ ಅವರಿಗೂ ಒಂದು ನಗೆ ಕೊಟ್ಟಿದ್ದ.

ಶನಿವಾರ ಬಂತು. ಈಗ ಷರತ್ತೇನೂ ಇರಲಿಲ್ಲ, ಆದರೂ ಮೇಡಮ್ ತಾವೇ ಫೋನ್ ಮಾಡಿದರು. ತೂಕದಣ್ಣ ಆಗಷ್ಟೇ ಮಷೀನಿನಿಂದ ಇಳಿದಿದ್ದ. ಮೊದಲು ಒಬ್ಬನೇ, ಆಮೇಲೆ ಮರಿಯ ಜೊತೆ, ಆಮೇಲೆ ಮರಿ ಒಂದೇ, ಹೀಗೆ ಎಲ್ಲ ಥರವೂ ತೂಗಿ ಮೂರು ಅಂಕಿಗಳನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದ.

"ಹೇಳಿ, ತೂಕ ಎಷ್ಟಿದೆ?" ಎಂದರು ಮೇಡಮ್.

ತೂಕದಣ್ಣ ಬಾಯಿ ತೆರೆದ, ಮುಚ್ಚಿದ. ಕಾಲಬುಡದಲ್ಲಿ ಕೂತಿದ್ದ ಪಾರ್ಸೆಲ್ಲನ್ನು ಒಮ್ಮೆ ನೋಡಿದ.

"ಯಾರದ್ದು ಮೇಡಮ್?" ಎಂದ.